ಹತ್ತು ಲಕ್ಷದ ಮೂರು

ಖಟ್ ಖಟಾಖಟ್, ಖಟ್ ಖಟಾಖಟ್. ಬನಹಟ್ಟಿಯ ನನ್ನ ಬಾಡಿಗೆ ಮನೆಯ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮ್ ಇತ್ತು. ಆ ಮಗ್ಗದ ಮನೆಯ ಹುಡುಗಿ, ಹತ್ತನೇ ಕ್ಲಾಸಿನವಳು, ನನ್ನ ಹತ್ತಿರ ಗಣಿತಕ್ಕೆ ಬರುತ್ತಿದ್ದಳು. ನಾನು ರಿಟೈರ್ ಆಗಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಹಚ್ಚಿದ ಪ್ರೈಮ್ ನಂಬರ್‌ಗಳ ಹುಚ್ಚನ್ನು ಕೇಳುವವಳು ಅವಳೊಬ್ಬಳೇ.

“ಅಕ್ಕಾರ, ಹತ್ತು ಲಕ್ಷ ದಾಟಿದ ಮ್ಯಾಲ ಮೊದಲನೇ ಪ್ರೈಮ್ ಯಾವುದ್ರಿ?”

“ಫೋನಿನ್ಯಾಗ ಸಿಗತೈತಿ. ನೋಡಬ್ಯಾಡ.”

ನೋಡಲಿಲ್ಲ. ಹತ್ತು ಲಕ್ಷದ ಒಂದನ್ನು ನೂರಾ ಒಂದು ಭಾಗಿಸಿತು. ಹತ್ತು ಲಕ್ಷದ ಎರಡು ಸಮಸಂಖ್ಯೆ. ಹತ್ತು ಲಕ್ಷದ ಮೂರಕ್ಕೆ ನಿಂತಳು. ಸಾವಿರದೊಳಗಿನ ಪ್ರೈಮ್‌ಗಳು ನೂರಾ ಅರವತ್ತೆಂಟು. ಅವುಗಳಲ್ಲಿ ಯಾವುದೂ ಭಾಗಿಸದಿದ್ದರೆ ಅದು ಪ್ರೈಮ್. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಸುತ್ತುತ್ತ ಅಷ್ಟೂ ಭಾಗಾಕಾರ ನೋಟ್‌ಬುಕ್ಕಿನಲ್ಲಿ ಮಾಡಿದಳು. ಏಳಕ್ಕೆ ನಾಲ್ಕು ಉಳಿಯಿತು, ಒಂಬೈನೂರಾ ತೊಂಬತ್ತೇಳಕ್ಕೆ ಹನ್ನೆರಡು. ಒಮ್ಮೆಯೂ ಸೊನ್ನೆ ಬರಲಿಲ್ಲ.

ಜಮಖಂಡಿಯ ಸೈನ್ಸ್ ಎಕ್ಸಿಬಿಷನ್ನಿಗೆ ಹೆಸರು ಕೊಟ್ಟೆವು. ಅವಳನ್ನು ಸಾಕಿದ ದೊಡ್ಡಪ್ಪ ಹೇಳಿಬಿಟ್ಟಿದ್ದ: “ಬಹುಮಾನ ತಂದ್ರ ಕಾಲೇಜಿಗೆ ಹಚ್ಚತೇನಿ. ಇಲ್ಲಂದ್ರ ಕಂಡಿಕಿ ಸುತ್ತು.” ಅವನ ಅಕ್ಷರಗಳು ಮುತ್ತಿನಂಥವು. ಚಾರ್ಟಿನ ಹೆಡಿಂಗ್ ತಾನೇ ಬರೆದು, ಸುರುಳಿ ಸುತ್ತಿ ಕೊಟ್ಟ.

ಅಲ್ಲಿ ಬಿಚ್ಚಿದರೆ ೧೦,೦೦,೦೦೦.

ಜಡ್ಜ್ ನಕ್ಕ. “ಸೊನ್ನಿಗೆ ಮುಗಿಯೂ ಪ್ರೈಮ್? ಯಾರವಾ ನಿನ್ನ ಟೀಚರ್?”

“ನಾನು,” ಎಂದೆ. “ಸರ್, ಪ್ಲೀಸ್, ಅವಳ ನೋಟ್‌ಬುಕ್ಕಿನ ಒಂದು ಪೇಜ್ ತಿರುವಿ ನೋಡಿ.”

“ಟೈಮ್ ಇಲ್ರಿ ಮೇಡಮ್.”

ಹುಡುಗಿ ಪೆನ್ನು ತೆಗೆದು ಕೊನೆಯ ಸೊನ್ನೆಯನ್ನು ಮೂರು ಎಂದು ತಿದ್ದಿದಳು. “ಈಗ ತಿದ್ದಿದ್ರ ನಡಿಯೂದಿಲ್ಲ,” ಎಂದು ಜಡ್ಜ್ ಹೊರಟೇಹೋದ. ಥರ್ಮೋಕೋಲಿನ ಜ್ವಾಲಾಮುಖಿಗೆ ಫಸ್ಟ್ ಪ್ರೈಜ್. ಒಳಗೊಂದು ಕೆಂಪು ಬಲ್ಬು, ಅಷ್ಟೇ. ನೂರಾ ಅರವತ್ತೆಂಟು ಭಾಗಾಕಾರಗಳಿಗೆ ಒಂದು ಹಾಳೆ ತಿರುವುವಷ್ಟು ಮರ್ಯಾದೆ ಇಲ್ಲ! ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ಆ ಸಿಟ್ಟನ್ನೆಲ್ಲ ಹೊತ್ತು ದೊಡ್ಡಪ್ಪನ ಮುಂದೆ ನಿಂತೆ. ಅವನು ಹಾಸು, ಅಂದರೆ ಮಗ್ಗದ ಉದ್ದೆಳೆ, ಹೂಡುತ್ತಿದ್ದ. “ಹೆಡಿಂಗಿನ್ಯಾಗ ಆ ಮೂರು ಎಲ್ಲಿ ಹೋತು?” ಎಂದೆ.

“ಮೂರು ಎಳಿ ಹೆಚ್ಚಿಗಿ ಇರತಾವ್ರಿ ಅಕ್ಕಾರ,” ಎಂದ. “ಹರದ್ರ ಇರಲಿ ಅಂತ ಬಿಟ್ಟಿರತೇವಿ. ಲೆಕ್ಕದಾಗ ಹಿಡಿಯೂದಿಲ್ಲ. ಹುಡುಗಿ ಮರತು ಲೆಕ್ಕಕ್ಕ ಹಿಡದಾಳ ಅಂತ ಚಾರ್ಟಿನ್ಯಾಗ ನಾನ ತಗದ್ನಿ.”

ಅವನ ಮನೆಯ ರೂಢಿ ಅದು. ಅವಳ ಮಾನ ಉಳಿಸಲೆಂದೇ ಆ ಮೂರನ್ನು ತೆಗೆದಿದ್ದ. ಬೈಯುವುದು ಬಿಟ್ಟು, “ತಪ್ಪು ನಿಮ್ಮದು. ಕಾಲೇಜಿಗೆ ಕಳಿಸ್ರಿ,” ಎಂದೆ.

“ಬಹುಮಾನ ಬಂತೇನ್ರಿ?” ಎಂದು ಮತ್ತೆ ನೂಲಿಗೆ ಕೈ ಹಾಕಿದ. ಐ ಶುಡ್ ಹ್ಯಾವ್ ಶೌಟೆಡ್. ಕಾನ್ವೆಂಟಿನಲ್ಲಿ ಕಲಿತ ಹಾಳು ಮ್ಯಾನರ್ಸ್; ನಮಸ್ಕಾರ ಹೇಳಿ ಬಂದೆ.

ಕಡೆಯ ಸಲ ಅವಳನ್ನು ನೋಡಿದ್ದು ನಾನು ಮುಧೋಳಕ್ಕೆ, ತಂಗಿಯ ಮನೆಗೆ, ಹೊರಟ ದಿನ. ಬಾಗಿಲಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ರಾಟೆ ನಿಲ್ಲಿಸದೆ, ನೂಲಿನ ಪೆಟ್ಟಿಗೆಯ ಒಂದು ರಟ್ಟನ್ನು ನನ್ನ ಕಡೆ ಚಾಚಿದಳು. ಎರಡೂ ಮಗ್ಗುಲು ಭಾಗಾಕಾರ.

“ಮುಂದಿನದು ಹತ್ತು ಲಕ್ಷದ ಮೂವತ್ಮೂರು. ನಡುವ ಒಂದೂ ಇಲ್ರಿ.”

ಎಲ್ಲಕ್ಕಿಂತ ಮೇಲೆ, ಸೊಟ್ಟ ಅಕ್ಷರದಲ್ಲಿ, ಆ ಸಂಖ್ಯೆ.

“ಈ ಸಲ ಹೆಡಿಂಗ್ ನಾನ ಬರದೇನ್ರಿ,” ಎಂದಳು.