ಈಜು ಬಾರದವ ಕಟ್ಟಿದ ಕೊಳ

ನಮ್ಮ ಹಿತ್ತಲಲ್ಲಿ ಈಜುಕೊಳ ಕಟ್ಟಿದ ನಿಂಗಪ್ಪ ಗೌಂಡಿಗೆ ಈಜು ಬರುತ್ತಿರಲಿಲ್ಲ. ಈಜುಕೊಳವನ್ನು ಹತ್ತಿರದಿಂದ ನೋಡಿಯೂ ಇರಲಿಲ್ಲ. ಅವನ ಈ ಎರಡೂ ಅರ್ಹತೆಗಳು ನನಗೆ ತಿಳಿದದ್ದು ಮುಂಗಡ ಕೊಟ್ಟ ಮೇಲೆ.

ಕೊಳ ನನ್ನ ಶೋಕಿಯಲ್ಲ. ಹೆಂಡತಿ ಶಾರದೆಯ ಮೊಣಕಾಲು ಸವೆದಿದ್ದವು. ದಿನಾ ನೀರಿನಲ್ಲಿ ನಡೆಯಬೇಕೆಂದು ಧಾರವಾಡದ ಡಾಕ್ಟರು ಹೇಳಿದ್ದರು. ದಾಂಡೇಲಿಯಲ್ಲಿ ನೀರಿಗೇನು ಕೊರತೆ? ಕಾಳಿ ನದಿಯೇ ಇದೆ. ಅಲ್ಲಿ ಅಡ್ಡಾಡುವ ಹಕ್ಕು ಮಾತ್ರ ಮೊಸಳೆಗಳದ್ದು. ಜೋಯಿಡಾ ಕಡೆಯ ರೆಸಾರ್ಟಿನವರು ಕೊಳಕ್ಕಿಳಿಯುವ ಭಾಗ್ಯವನ್ನು ಊಟ, ವಸತಿ, ರಾತ್ರಿಯ ಡ್ಯಾನ್ಸಿನ ಜೊತೆ ಸೇರಿಸಿಯೇ ಮಾರುತ್ತಿದ್ದರು. ಮೊಣಕಾಲು ನೋವಿನವರಿಗೆ ಡ್ಯಾನ್ಸು. ಹೀಗಾಗಿ ಮನೆಯಲ್ಲೇ ಕಟ್ಟಿಸುವುದೆಂದಾಯಿತು. ಹುಬ್ಬಳ್ಳಿಯ ಕಂಪನಿಯೊಂದರ ದರಪಟ್ಟಿ ನೋಡಿ, ಕೊಳದ ಜೊತೆ ಇನ್ನೊಂದು ಮನೆಯನ್ನೂ ಕೊಡುತ್ತಾರೇನೋ ಅಂದುಕೊಂಡೆ. ಅದರ ಅರ್ಧಕ್ಕೆ ಒಪ್ಪಿದವನು ಪಾಳಾ ಎಂಬ ಹಳ್ಳಿಯ ನಿಂಗಪ್ಪ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ನೀರಿನ ಟಾಕಿ ಕಟ್ಟಿದ್ದ, ಅದು ಇನ್ನೂ ಸೋರಿಲ್ಲ ಎಂಬುದೇ ಅವನ ಪ್ರಮಾಣಪತ್ರ.

“ನೀರು ನಿಲ್ಲಸೂದು ನನ್ನ ಕೆಲಸರಿ. ಅದರಾಗ ಮಂದಿ ಇಳೀತಾರೋ, ಎಮ್ಮಿ ಇಳೀತಾವೋ, ಅದು ನಿಮಗ ಬಿಟ್ಟಿದ್ದು,” ಅಂದ.

ಕುಳ್ಳ, ಗಟ್ಟಿ ಆಳು. ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಮೋಟು ಪೆನ್ಸಿಲು. ಖರ್ಚಿನ ಲೆಕ್ಕವನ್ನು ಅದರಿಂದ ಗೋಡೆಯ ಮೇಲೆ ಬರೆಯುತ್ತಿದ್ದ, ಕಾಗದದ ಮೇಲೆ ಎಂದೂ ಇಲ್ಲ. ಗೋಡೆಗೆ ಸಿಮೆಂಟಿನ ಗಿಲಾವ್ ಆದ ದಿನ ಲೆಕ್ಕವೂ ಮುಚ್ಚಿಹೋಗುತ್ತಿತ್ತು. ಇನ್ನೆಷ್ಟು ಬೇಕಾದೀತೆಂದು ಕೇಳಿದರೆ, ಮದುವೆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆಂದು ಮೊದಲೇ ಹೇಳಲು ಬರುತ್ತದೆಯೇ ಎಂದು ನನ್ನನ್ನೇ ಕೇಳುತ್ತಿದ್ದ.

ನಾನಾದರೂ ಮೂವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಲೆಕ್ಕ ಬರೆದವನು. ಕಟ್ಟಡದ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಎಲ್ಲಿ ಉಳಿಸಬಹುದೆಂಬುದು ಚೆನ್ನಾಗಿ ಗೊತ್ತಿತ್ತು. ತಳಕ್ಕೆ ಆರಿಂಚು ಕಾಂಕ್ರೀಟು ಬೇಕೆಂದು ಅವನು, ನಾಲ್ಕು ಸಾಕೆಂದು ನಾನು. ಮೂರು ದಿನ ತಕರಾರು ನಡೆಯಿತು. ಸಿಮೆಂಟು ತರಿಸುವವನು ನಾನಾದ್ದರಿಂದ ವಿಜ್ಞಾನವೂ ನನ್ನ ಕಡೆಗೇ ವಾಲಿತು.

ಮೆಟ್ಟಿಲುಗಳ ವಿಷಯದಲ್ಲಿ ಮಾತ್ರ ಸೋತೆ. ಹಳಿಯಾಳದ ಅಂಗಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸು ಅರ್ಧ ಬೆಲೆಗೆ ಸಿಕ್ಕಿದ್ದವು. ನಿಂಗಪ್ಪ ಒಂದನ್ನು ನೆಲದ ಮೇಲಿಟ್ಟು, ಸಾಬೂನಿನ ನೀರು ಸುರಿದು, ನಿಂತು ನೋಡಿ ಎಂದ. ನಿಂತೆ. ಮರುಕ್ಷಣ ನನಗೆ ಕಂಡದ್ದು ಆಕಾಶ. ಕೈಹಿಡಿದು ಎಬ್ಬಿಸುತ್ತ ಅವನು ನಗಲಿಲ್ಲ.

“ಅಕ್ಕಾರ ಮಣಕಾಲ ಸಲುವಾಗಿ ಇದನ್ನ ಕಟ್ಟಸಾಕತ್ತೀರಿ. ಈ ಟೈಲ್ಸ ಹಾಕಿದ್ರ ಸೊಂಟದ ಸಲುವಾಗಿ ಇನ್ನೊಂದು ಕಟ್ಟಸಬೇಕಾಗತೈತಿ.”

ಒರಟು ಫರ್ಶಿಕಲ್ಲು ಹಾಕಿದ. ಟೈಲ್ಸು ಇಂದಿಗೂ ಅಟ್ಟದ ಮೇಲೆ ಹೊಳೆಯುತ್ತಿವೆ.

ಕೆಲಸ ಮುಗಿಯುವ ಹೊತ್ತಿಗೆ ಮಳೆಗಾಲ. ಕೊಳ ತುಂಬಿಸಿ, ಮಳೆ ಮುಗಿಯುವವರೆಗೆ ಒಂದು ಕೊಡ ನೀರೂ ತೆಗೆಯಬಾರದೆಂದು ಎರಡೆರಡು ಸಲ ಹೇಳಿ, ನಿಂಗಪ್ಪ ಹೊಲದ ಕೆಲಸಕ್ಕೆ ಪಾಳಾಕ್ಕೆ ಹೋದ. ಶಾರದೆ ತಂಗಿಯ ಮನೆಗೆಂದು ಧಾರವಾಡಕ್ಕೆ ಹೋದಳು. ನೀರು ಹಸಿರಾಗಿತ್ತು, ಸೊಳ್ಳೆ ಎದ್ದಿದ್ದವು, ಹೇಳಕೇಳುವವರಿಲ್ಲದೆ ನಾನು ಸ್ವತಂತ್ರನಾಗಿದ್ದೆ. ಬಾಡಿಗೆ ಪಂಪು ತರಿಸಿ ಖಾಲಿ ಮಾಡಿಸಿದೆ. ಎರಡು ದಿನ ಜಡಿಮಳೆ. ಮೂರನೆಯ ಬೆಳಿಗ್ಗೆ ನೋಡಿದರೆ, ಮೇಲೆ ನೀರಿನ ಭಾರವಿಲ್ಲದ್ದರಿಂದ ಭೂಮಿಯೊಳಗಿನ ನೀರು ಕೊಳದ ತಳವನ್ನು ಕೆಳಗಿನಿಂದ ಒತ್ತಿ ಎಬ್ಬಿಸಿತ್ತು, ಉದ್ದಕ್ಕೂ ಬಿರುಕು.

ನಿಂಗಪ್ಪ ಬರುವಷ್ಟರಲ್ಲಿ ಶಾರದೆಯೂ ಬಂದಿದ್ದಳು. ಅವನ ಕೆಲಸವೇ ಕಳಪೆಯೆಂದು ವಾದಿಸಲು ನಾನು ಸಜ್ಜಾಗಿದ್ದೆ. ಅವನು ಕೆಳಗಿಳಿದು, ಬಿರುಕಿನಲ್ಲಿ ಬೆರಳಾಡಿಸಿ, ನನ್ನತ್ತ ಒಮ್ಮೆ ನೋಡಿದ. ಆಮೇಲೆ ಶಾರದೆಗೆ ಹೇಳಿದ:

“ಕಾಂಕ್ರೀಟ ನಾನ ತೆಳ್ಳಗ ಹಾಕಿದ್ನಿರಿ ಅಕ್ಕಾರ. ತಪ್ಪು ನಂದು.”

ನನ್ನ ವಾದಕ್ಕೆ ಎದುರಾಳಿಯೇ ಇಲ್ಲದಾಯಿತು. ಮಳೆ ನಿಂತ ಮೇಲೆ ತಳ ಒಡೆದು, ಒಳನೀರು ಹರಿದುಹೋಗಲು ಕೆಳಗೊಂದು ಪೈಪು ಹಾಕಿ, ಆರಿಂಚು ದಪ್ಪಕ್ಕೆ ಮತ್ತೆ ಕಟ್ಟಿದ. ತಪ್ಪು ತನ್ನದೆಂದು ಒಪ್ಪಿಕೊಂಡವನು ಕೂಲಿ ಕೇಳುವಂತಿರಲಿಲ್ಲ, ಕೇಳಲಿಲ್ಲ. ನಾನೂ ಕೊಡಲಿಲ್ಲ. ಲೆಕ್ಕದ ಮನುಷ್ಯ ನೋಡಿ.

ಸಂಕ್ರಾಂತಿಯ ಮರುದಿನ ಒಮ್ಮೆ ಬಂದಿದ್ದ. ಶಾರದೆ ಗೋಡೆ ಹಿಡಿಯದೆ ಕೊಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದಳು. ಅವನು ಚಹಾದ ಬಟ್ಟಲು ಹಿಡಿದು ನೋಡುತ್ತ ನಿಂತ, ಚಹಾ ಆರಿಹೋಯಿತು. ನಾನು ಅವನನ್ನು ಕಂಡದ್ದು ಅದೇ ಕೊನೆ. ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ.

ಪಾಳಾಕ್ಕೆ ಹೋಗಿ ಅವನ ಮನೆಯವರನ್ನು ಮಾತಾಡಿಸಿ ಬರುವಾಗ, ಬಸ್ಸಿನಲ್ಲಿ ಶಾರದೆಗೆ ಎಲ್ಲ ಹೇಳಿದೆ. ನಾಲ್ಕಿಂಚು ಹಟ ಹಿಡಿದದ್ದು ನಾನು, ಪಂಪು ಹಚ್ಚಿಸಿದ್ದೂ ನಾನು.

“ಗೊತ್ತೈತಿ. ಪಂಪಿನವ ಆವಾಗ ಹೇಳಿದ್ದ,” ಅಂದಳು. ಟಿಕೀಟುಗಳನ್ನು ಪರ್ಸಿಗೆ ಸೇರಿಸುತ್ತ ಮುಂದುವರಿಸಿದಳು: “ನಿಂಗಪ್ಪನ ಕೂಲಿ ನಾನ ಕೊಟ್ಟೀನಿ. ಸಾಹೇಬ್ರಿಗೆ ಹೇಳಬ್ಯಾಡ್ರಿ, ನಾಚಕೋತಾರ ಅಂದಿದ್ದ.”

ಬಸ್ಸು ಹಳಿಯಾಳ ದಾಟುವವರೆಗೂ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ನೋಡುವಂಥದ್ದೇನೂ ಇರಲಿಲ್ಲ.