ಹೊಲಿದಿಟ್ಟ ಕೊನೆಯ ಅಧ್ಯಾಯ

ಗುಂಡಿಯಕ್ಕನ ಅಂಗಡಿಯಲ್ಲಿ ಸಿಗದಂಥ ಗುಂಡಿ ಇನ್ನೂ ಯಾರ ಅಂಗಿಯಿಂದಲೂ ಉದುರಿಲ್ಲ ಎಂದು ಊರಿನ ದರ್ಜಿಗಳು ಹೇಳುತ್ತಿದ್ದರು. ಅಂಗಡಿ ಎಂದರೆ ಹತ್ತಡಿ ಅಗಲದ ಒಂದು ಕೋಣೆ. ಮೂರು ಗೋಡೆಗೂ ಸಣ್ಣ ಸಣ್ಣ ಮರದ ಖಾನೆಗಳು: ಗುಂಡಿ, ಹುಕ್ಕು, ಜಿಪ್ಪು, ಎಲಾಸ್ಟಿಕ್ಕು, ದಾರದ ರೀಲು. ಯಾವ ಖಾನೆಯಲ್ಲಿ ಏನಿದೆ ಎಂದು ಅವಳು ತಿರುಗಿ ನೋಡಬೇಕಾಗಿರಲಿಲ್ಲ. ಕೈ ತಾನೇ ಹೋಗುತ್ತಿತ್ತು, ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿನ ಪುಸ್ತಕದಲ್ಲೇ ಇರುತ್ತಿತ್ತು. ಒಂದು ಪ್ಯಾರಾ ಮುಗಿಯುವ ತನಕ ಅವಳು ತಲೆ ಎತ್ತುತ್ತಿರಲಿಲ್ಲ. ಆತುರದ ಗಿರಾಕಿಗಳು ಚಿಕ್ಕ ಪ್ಯಾರಾ ಬರೆಯುವ ಲೇಖಕರ ಸಂತತಿ ಹೆಚ್ಚಲಿ ಎಂದು ಹಾರೈಸಿ ನಿಂತಿರುತ್ತಿದ್ದರು.

ಇಂಥವಳು ಓದುಗರ ಬಳಗಕ್ಕೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಬಳಗದಲ್ಲಿ ಹತ್ತು ಜನ. ಸಮುದ್ರದ ಕಡೆ ಮುಖ ಮಾಡಿದ ಗ್ರಂಥಾಲಯದ ಮಹಡಿಯಲ್ಲಿ ಶನಿವಾರ ಸಂಜೆ ಸೇರುತ್ತಿದ್ದರು. ಒಂದು ಪುಸ್ತಕಕ್ಕೆ ಒಂದೇ ಪ್ರತಿ, ಅದು ಮನೆಯಿಂದ ಮನೆಗೆ ಸರದಿಯಲ್ಲಿ ಸುತ್ತುತ್ತಿತ್ತು. ಹಿಂದೊಮ್ಮೆ ಔಷಧಿ ಅಂಗಡಿಯವನು ತನ್ನ ಸರದಿ ಮುಗಿದ ಮಾರನೆಯ ದಿನವೇ, ಕೆಮ್ಮಿನ ಸಿರಪ್ಪು ಕೇಳಲು ಬಂದ ಇಬ್ಬರು ಸದಸ್ಯರಿಗೆ ಕೊಲೆ ಮಾಡಿದವನು ಯಾರೆಂದು ಹೇಳಿಬಿಟ್ಟಿದ್ದ. ದೊಡ್ಡ ರಂಪವಾಗಿ, ಅಂದಿನಿಂದ ಒಂದು ಪದ್ಧತಿ ಬಂತು. ಪುಸ್ತಕ ಸುತ್ತಲು ಹೊರಡುವ ಮುಂಚೆ ಅದರ ಕೊನೆಯ ಅಧ್ಯಾಯವನ್ನು ಅಂಚಿನುದ್ದಕ್ಕೂ ದಾರದಲ್ಲಿ ಹೊಲಿದು ಮುಚ್ಚುವುದು. ಎಲ್ಲರ ಸರದಿ ಮುಗಿದ ಮೇಲೆ ಒಬ್ಬರು ಎಲ್ಲರೆದುರು ಹೊಲಿಗೆ ಬಿಚ್ಚಿ ಗಟ್ಟಿಯಾಗಿ ಓದುವುದು. ಓದಿದ ಮೇಲೆ ಪುಸ್ತಕ ಕೈಯಿಂದ ಕೈಗೆ ಹೋಗುವುದು, ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದು ಸಾಲನ್ನು ಹುಡುಕಿ ಮತ್ತೊಮ್ಮೆ ಓದುವುದು. ಹೊಲಿಯುವ ಕೆಲಸ ಗುಂಡಿಯಕ್ಕನದು. ದಾರ ಅವಳದು, ಸೂಜಿ ಅವಳದು, ಗಂಟೂ ಅವಳದೇ. ಆ ಗಂಟನ್ನು ಬಿಚ್ಚಿ ಮತ್ತೆ ಹಾಗೆಯೇ ಹಾಕುವವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಾಗಿ ಕಾವಲಿಗೆ ಬೇರೆ ಯಾರೂ ಬೇಕಾಗಲಿಲ್ಲ.

ಆರು ತಿಂಗಳ ಹಿಂದೆ ಅವಳು ಒಬ್ಬ ದರ್ಜಿಗೆ ಕಪ್ಪು ದಾರವೆಂದು ಕಡುನೀಲಿ ಕೊಟ್ಟಳು. ಅವನು ವಾಪಸು ತಂದ. “ಏನಕ್ಕಾ, ಕಥೇಲಿ ಯಾರೋ ಸಾಯ್ತಿದ್ರಾ?” ಎಂದು ನಕ್ಕ. ಅವಳೂ ನಕ್ಕಳು. ಆಮೇಲೆ ಪುಟದ ನಡುವೆ ಅಕ್ಷರಗಳು ಕಾಣೆಯಾಗತೊಡಗಿದವು. ಸಾಲಿನ ಎರಡು ತುದಿ ಇರುತ್ತಿತ್ತು, ನಡುವಿನದನ್ನು ಯಾರೋ ತೊಡೆದು ಹಾಕಿದಂತೆ. ಎದುರಿಗೆ ಬಂದವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಈ ಸಲದ ಕಾದಂಬರಿಯನ್ನು ಅವಳು ತನ್ನ ಸರದಿಯಲ್ಲಿ ಭೂತಗನ್ನಡಿ ಹಿಡಿದು, ಓರೆಗಣ್ಣಿನಲ್ಲಿ, ಅರ್ಧ ಓದಿ ಅರ್ಧ ಊಹಿಸಿ ಮುಗಿಸಿದ್ದಳು.

ಸೋಮವಾರ ಬೆಳಿಗ್ಗೆ ಕಣ್ಣಿನ ಡಾಕ್ಟರು ಯಂತ್ರದ ಹಿಂದಿನಿಂದ ತಲೆ ಎತ್ತಿ ಹೇಳಿದರು. “ನೋಡೀಮ್ಮ, ಕುರುಡು ಅಂತ ಆಗಲ್ಲ. ಓಡಾಡ್ತೀರಿ, ಅಡಿಗೆ ಮಾಡ್ತೀರಿ. ಓದೋದು ಮಾತ್ರ ಮರೆತುಬಿಡಿ.”

“ಕನ್ನಡಕ ಬದಲಾಯಿಸಿದ್ರೆ?”

“ಕನ್ನಡಕದ ಕೈಲಿ ಏನೂ ಇಲ್ಲ.”

ಹೊರಗೆ ಬೆಂಚಿನ ಮೇಲೆ ಗಂಡ ಕಾಯುತ್ತಿದ್ದ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬೋರ್ಡಿಗಿಂತ ಉದ್ದದ ಬರಹ ಓದುವುದು ತನ್ನ ಕೆಲಸವಲ್ಲ ಎಂದು ತಿಳಿದುಕೊಂಡಿದ್ದ ಮನುಷ್ಯ. ಅವಳು ವಿಷಯ ಹೇಳಿದಳು. ಅವನು ಚಪ್ಪಲಿ ಮೆಟ್ಟಿಕೊಂಡು ಎದ್ದ.

“ಬಳಗದವ್ರಿಗೆ ಹೇಳ್ಬಿಡು,” ಎಂದ.

“ಹೇಳಲ್ಲ. ಈ ಶನಿವಾರ ಕೊನೇ ಅಧ್ಯಾಯ ಓದೋ ಸರದಿ ನಂದು.”

“ಬೇರೆ ಯಾರಾದ್ರೂ ಓದ್ಲಿ.”

“ಅಂಚೆಯಣ್ಣನಿಗೆ ಏನು ಮಾಡಿದ್ವಿ ನೆನಪಿದೆಯಾ ನಿಮಗೆ?”

ಅವನಿಗೆ ನೆನಪಿರಲಿಲ್ಲ, ಅವಳಿಗಿತ್ತು. ನಿವೃತ್ತ ಅಂಚೆಪೇದೆ ಬಳಗದಲ್ಲೇ ಚೆನ್ನಾಗಿ ಓದುತ್ತಿದ್ದವನು. ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆ ಕೆಟ್ಟು, ಅವನು ಓದಲಾರದವನಾದ. ಯಾರೂ ಅವನನ್ನು ಬೇಡವೆನ್ನಲಿಲ್ಲ. ಕಿಟಕಿಯ ಪಕ್ಕ ಗಾಳಿ ಬರುತ್ತದೆ ಎಂದು ಅವನ ಕುರ್ಚಿಯನ್ನು ದುಂಡುಮೇಜಿನಿಂದ ಎಳೆದು ಅಲ್ಲಿ ಹಾಕಿದರು. ಚಹಾ ಎಲ್ಲರಿಗಿಂತ ಮೊದಲು ಅವನಿಗೆ ಕೊಟ್ಟರು. ಕಿವಿ ಸರಿಯಿದ್ದವನ ಹತ್ತಿರ ಕೂಗಿ ಮಾತಾಡಿದರು. ಪುಸ್ತಕದ ಬಗ್ಗೆ ಅವನನ್ನು ಏನೂ ಕೇಳಲಿಲ್ಲ, ಆರೋಗ್ಯ ಕೇಳಿದರು. ಮೂರು ತಿಂಗಳಿಗೆ ಅವನು ಬರುವುದನ್ನು ನಿಲ್ಲಿಸಿದ, ಆರನೆಯ ತಿಂಗಳಿಗೆ ಸತ್ತ. ಕುರ್ಚಿ ಎಳೆದು ಕಿಟಕಿಗೆ ಹಾಕಿದವಳು ಗುಂಡಿಯಕ್ಕನೇ. ತುಂಬ ಪ್ರೀತಿಯಿಂದ ಹಾಕಿದ್ದಳು.

“ಅಧ್ಯಾಯ ನೀವು ಓದಿ ಹೇಳಿ. ನಾನು ಬಾಯಿಪಾಠ ಮಾಡ್ಕೋತೀನಿ,” ಎಂದಳು. “ಎಷ್ಟು ಪುಟ ಇರುತ್ತೆ, ಹತ್ತೋ ಹನ್ನೊಂದೋ. ಸಾವಿರ ಖಾನೆ ನೆನಪಿಟ್ಕೊಂಡಿರೋಳಿಗೆ ಅದೇನು ದೊಡ್ಡದು.”

“ಒಂದು ಸಲ ಬಾಯಿಪಾಠ ಒಪ್ಪಿಸ್ತೀಯ. ಮುಂದಿನ ಪುಸ್ತಕಕ್ಕೆ?”

“ಮುಂದಿನದು ಮುಂದೆ.”

ಅಂಗಡಿಯನ್ನು ವಾರದ ಮಟ್ಟಿಗೆ ತಮ್ಮನ ಹೆಂಡತಿಗೆ ಒಪ್ಪಿಸಿದಳು. ಎಲ್ಲರ ಸರದಿ ಮುಗಿದು, ಓದುವವಳೆಂದು ತನ್ನ ಮನೆಗೆ ಬಂದಿದ್ದ ಪುಸ್ತಕದ ಗಂಟನ್ನು ಬೆರಳಿನ ತುದಿಯಲ್ಲೇ ಹುಡುಕಿ ಹೊಲಿಗೆ ಬಿಚ್ಚಿದಳು. ಎಂಟು ವರ್ಷದಲ್ಲಿ ಒಂದು ಸಾಲನ್ನೂ ಕದ್ದು ಓದದಿದ್ದವಳು.

ಮಂಗಳವಾರದಿಂದ ಗಂಡಹೆಂಡಿರು ದಿನಾ ಬೆಳಿಗ್ಗೆ ಸಮುದ್ರದ ದಂಡೆಗೆ ಹೋದರು. ರಜೆಯ ಕಾಲ ಮುಗಿದಿತ್ತು. ಬಾಡಿಗೆಯ ಕುರ್ಚಿಗಳನ್ನು ಮಡಿಸಿ ಸರಪಳಿ ಬಿಗಿದಿದ್ದರು, ಐಸ್‌ಕ್ರೀಮಿನ ಗೂಡಂಗಡಿಗೆ ಹಲಗೆ ಹೊಡೆದಿದ್ದರು. ಕಲ್ಲಿನ ತಡೆಗೋಡೆಯ ಹಿಂದೆ, ಗಾಳಿ ತಾಗದ ಒಂದು ಬೆಂಚು. ನೋಡಿದವರಿಗೆ, ಮುದಿ ಜೋಡಿಯೊಂದು ಹಾಯಾಗಿ ಪುಸ್ತಕ ಓದಿಕೊಂಡು ಕೂತಿದೆ ಎನಿಸಬೇಕು. ಗುರುತಿನವರೊಬ್ಬರು ಹಾದುಹೋಗುತ್ತ, “ಪುಣ್ಯ ಮಾಡಿದೀರಿ ಬಿಡಿ,” ಎಂದೂ ಅಂದರು.

ಕಥೆ ಇಷ್ಟು: ಇಪ್ಪತ್ತು ವರ್ಷ ಜೈಲಿನಲ್ಲಿದ್ದು ಬಿಡುಗಡೆಯಾದ ಒಬ್ಬ ಮುದುಕ, ಜಗತ್ತಿನಲ್ಲಿ ತನಗೆ ಉಳಿದ ಒಬ್ಬಳೇ ಅಕ್ಕನ ಮನೆ ಹುಡುಕಿಕೊಂಡು ನಡೆಯುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನು ಆ ಬೀದಿಗೆ ಬರುತ್ತಾನೆ.

ಗಂಡ ಬಸ್ಸಿನ ನಿಲ್ದಾಣಗಳ ಹೆಸರು ಕೂಗುವಂತೆ ಓದುತ್ತಿದ್ದ. ಪುಟ ಮುಗಿದಾಗ ಬೆಂಚಿಗೆ ಒಮ್ಮೆ ತಟ್ಟುತ್ತಿದ್ದ, ಎಲ್ಲಿ ಹಾಳೆ ತಿರುಗಿಸಬೇಕೆಂದು ಅವಳಿಗೆ ಗೊತ್ತಾಗಲು.

“ಪೂರ್ಣವಿರಾಮ ಬಂದಾಗ ಸ್ವಲ್ಪ ನಿಲ್ಲಿಸ್ರೀ.”

“ಬ್ರೇಕ್ ಹಾಕಿದ್ನಲ್ಲ.”

“ಅದು ಬ್ರೇಕಲ್ಲ, ಡಿಕ್ಕಿ.”

ಮೊದಲ ದಿನ ಒಂಬತ್ತು ಪುಟವಾಯಿತು. ಹತ್ತನೆಯದಕ್ಕೆ ಬಂದವನು ಸುಮ್ಮನಾದ. ಗಂಟಲು ಒಣಗಿತು, ಉಳಿದದ್ದು ನಾಳೆ ಎಂದ. ಮಾರನೆಯ ದಿನ ಉಳಿದ ಎರಡು ಪುಟ ಓದಿದ. ಮುದುಕ ಬಾಗಿಲು ತಟ್ಟುತ್ತಾನೆ. ಅಕ್ಕ ಬಾಗಿಲು ತೆಗೆದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟು ಹೊತ್ತು ಮಾಡಿದೆಯಲ್ಲೋ, ಊಟ ಆರಿ ಹೋಯಿತು” ಎನ್ನುತ್ತಾಳೆ. ಅಷ್ಟೇ.

ಗುಂಡಿಯಕ್ಕ ಆ ಸಾಲನ್ನು ಮತ್ತೆ ಓದಿಸಿದಳು. “ಎಷ್ಟು ಚೆನ್ನಾಗಿ ಬರೆದಿದಾನೆ ನೋಡಿ. ಇಪ್ಪತ್ತು ವರ್ಷಾನ ಒಂದೇ ಮಾತಲ್ಲಿ ಮುಗಿಸಿಬಿಟ್ಟ.”

“ಹೂಂ. ಪರವಾಗಿಲ್ಲ,” ಎಂದ ಗಂಡ.

ಶುಕ್ರವಾರದ ಹೊತ್ತಿಗೆ ಹನ್ನೊಂದು ಪುಟ ಅವಳ ಬಾಯಿಗೆ ಬಂದಿತ್ತು. ಮನೆಗೆ ಹೋಗಿ ಹಳೆಯ ತೂತುಗಳಲ್ಲೇ ಸೂಜಿ ತೂರಿಸಿ ಹೊಲಿದು ಗಂಟು ಹಾಕಿದಳು.

ಶನಿವಾರ ಗಂಡ ಗ್ರಂಥಾಲಯದ ಮೆಟ್ಟಿಲವರೆಗೆ ಬಂದು, ಕೆಳಗೆ ದಂಡೆಯ ಬೆಂಚಿನಲ್ಲಿ ಕೂತಿರುತ್ತೇನೆ ಎಂದು ಹೋದ. ಮಹಡಿಯಲ್ಲಿ ಎಲ್ಲರೂ ದುಂಡುಮೇಜಿನ ಸುತ್ತ ಕೂತಿದ್ದರು. ಬಳಗದ ಹಿರಿಯರಾದ ನಿವೃತ್ತ ಮುಖ್ಯೋಪಾಧ್ಯಾಯಿನಿ ಕತ್ತರಿ ಕೊಟ್ಟರು. ಗುಂಡಿಯಕ್ಕ ದಾರ ಕತ್ತರಿಸಿ, ಕನ್ನಡಕ ಸರಿಮಾಡಿಕೊಂಡು, ಪುಟದ ಮೇಲೆ ಬೆರಳಿಟ್ಟು ಓದಿದಳು. ಬೇಕೆಂದೇ ಎರಡು ಕಡೆ ತಡವರಿಸಿ ಮತ್ತೆ ಓದಿದಳು. ವ್ಯಾಪಾರ ಮಾಡಿದವಳಿಗೆ ಸರಕನ್ನು ಹೇಗೆ ತೋರಿಸಬೇಕೆಂದು ಹೇಳಿಕೊಡಬೇಕಾಗಿಲ್ಲ. ಹಾಳೆಗಳು ಸರಿಯಾದ ಜಾಗದಲ್ಲಿ ತಿರುಗಿದವು. ಕೊನೆಯ ಮಾತಿಗೆ ಬಂದಾಗ ಯಾರೋ ಮೂಗು ಒರೆಸಿಕೊಂಡ ಸದ್ದು ಕೇಳಿತು. ಅವಳ ಎದೆ ಹಗುರಾಯಿತು.

ಪುಸ್ತಕ ಕೈಯಿಂದ ಕೈಗೆ ಹೊರಟಿತು. ಮೊದಲು ಸಿಕ್ಕಿದ್ದು ಔಷಧಿ ಅಂಗಡಿಯವನಿಗೆ.

“ನನಗೆ ಆ ಊಟ ಆರಿದ ಮಾತೇ ಇರಲಿ, ಬೇರೆಯವರು ತಗೋಬೇಡಿ,” ಎಂದು ಅವನು ಹಾಳೆ ತಿರುಗಿಸಿದ. ಮತ್ತೆ ತಿರುಗಿಸಿದ. “ಎಲ್ಲಿದೆ ಅಕ್ಕಾ ಅದು?”

“ಕೊನೇ ಪುಟದಲ್ಲೇ, ನೋಡಪ್ಪ.”

“ಇಲ್ವಲ್ಲ.”

“ಡಾಕ್ಟರ ಚೀಟಿ ಓದ್ತೀಯ, ಅಚ್ಚಿನ ಅಕ್ಷರ ಓದಕ್ಕಾಗಲ್ವಾ?” ಎಂದರು ಮುಖ್ಯೋಪಾಧ್ಯಾಯಿನಿ. ನಗು ಎದ್ದಿತು. ಅವರು ಪುಸ್ತಕ ಎಳೆದುಕೊಂಡು, ತರಗತಿಯ ದನಿಯಲ್ಲಿ ಕೊನೆಯ ಪುಟ ಓದತೊಡಗಿದರು: “ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯವಳು ಹೊರಗೆ ಬಂದಳು. ನೀವು ಹನ್ನೊಂದು ದಿನ ತಡವಾಗಿ ಬಂದಿರಿ, ಎಂದಳು. ನಿಮ್ಮಕ್ಕ ದಿನವೂ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ನೀನೇನೋ ಎಂದು ಕೇಳುತ್ತಿದ್ದರು. ಕಣ್ಣು ಹೋದ ಮೇಲೆ ಅವರು ಹೆಚ್ಚು ದಿನ…”

ಮುಖ್ಯೋಪಾಧ್ಯಾಯಿನಿ ನಿಲ್ಲಿಸಿದರು. ಅಷ್ಟು ದೊಡ್ಡ ಶಾಲೆಯನ್ನು ನಡೆಸಿದವರು, ತಡವಾಗಿಯಾದರೂ ಲೆಕ್ಕ ಕೂಡಿಸಿಕೊಂಡರು. ಮೇಜಿನ ಸುತ್ತ ಎಲ್ಲರೂ ಕೂಡಿಸಿಕೊಂಡರು. ಗುಂಡಿಯಕ್ಕನಿಗೆ ಒಂದು ಮುಖವೂ ಕಾಣುತ್ತಿರಲಿಲ್ಲ, ಒಂಬತ್ತು ಜೊತೆ ಕಿವಿ ಮಾತ್ರ ಕಾಣುತ್ತಿದ್ದವು.

“ಎಷ್ಟು ದಿನದಿಂದ ಅಕ್ಕಾ?” ಎಂದ ಔಷಧಿ ಅಂಗಡಿಯವನು. ಅವನು ಆಗಲೇ ದನಿ ಎತ್ತರಿಸಿದ್ದ.

“ಕಿವಿ ಕೇಳುತ್ತಪ್ಪ ನನಗೆ.”

ಹೊಲಿಗೆ ಬಿಚ್ಚಿದ್ದಕ್ಕೆ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ಜಗಳವಾಡಿ ಬದುಕಿಕೊಳ್ಳುತ್ತಿದ್ದಳು. ಯಾರೋ ಚಹಾ ತಂದು ಅವಳ ಎರಡೂ ಕೈಗಳನ್ನು ಹಿಡಿದು ಲೋಟಕ್ಕೆ ಹಚ್ಚಿದರು. “ಇನ್ಮೇಲೆ ಹೊಲಿಯೋ ತಾಪತ್ರಯ ನಿಮಗೆ ಬೇಡ, ನಾವ್ಯಾರಾದ್ರೂ ಮಾಡ್ಕೋತೀವಿ,” ಎಂದರು ಮುಖ್ಯೋಪಾಧ್ಯಾಯಿನಿ, ಬಹಳ ಮೆತ್ತಗೆ. ಹಿಂದಿನಿಂದ ಇನ್ನೊಂದು ದನಿ, “ಇಲ್ಲಿ ಸೆಕೆ ಅಲ್ವಾ, ಅಕ್ಕನ್ನ ಕಿಟಕಿ ಹತ್ರ ಗಾಳೀಲಿ ಕೂರ್ಸಿ,” ಎಂದಿತು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿತು. ಗುಂಡಿಯಕ್ಕ ಎದ್ದು ನಿಂತು, ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದಳು.

ಬೆಂಚಿನಲ್ಲಿ ಗಂಡ ಕೂತಿದ್ದ. ಅವಳು ಪಕ್ಕದಲ್ಲಿ ಕೂರಲಿಲ್ಲ.

“ಕೊನೇ ಎರಡು ಪುಟ ಯಾರು ಬರೆದಿದ್ದು?”

“ಗೊತ್ತಾಯ್ತಾ? ಅದು ಹೇಗೆ? ಹೊಲಿದಿತ್ತಲ್ಲ, ಯಾರೂ ಓದಿರಲಿಲ್ಲವಲ್ಲ.”

“ಓದಿದ ಮೇಲೆ ಪುಸ್ತಕ ಎಲ್ಲರ ಕೈಗೂ ಹೋಗುತ್ತೆ.”

“ಅದನ್ನ ನೀನು ಹೇಳಿರಲಿಲ್ಲ.”

“ಹೇಳೋಕೇನು, ನೀವು ಪುಸ್ತಕ ತಿದ್ದೋರು ಅಂತ ನಂಗೇನು ಗೊತ್ತಿತ್ತು?”

“ಅಲ್ಲಿ ಏನು ಬರೆದಿತ್ತು ಅಂತ ಗೊತ್ತಾಯ್ತಲ್ಲ ನಿಂಗೆ,” ಎಂದ ಅವನು. “ಸೋಮವಾರ ಡಾಕ್ಟರು ಹಾಗಂದ್ರು. ಮಂಗಳವಾರ ನಾನು ಆ ಮಾತು ಓದಬೇಕಿತ್ತಾ? ಆಗಲಿಲ್ಲ ಕಣೇ. ಮನೇಲಿ ಕೂತು ಕ್ಯಾಲೆಂಡರಿನ ಹಾಳೆ ಹಿಂದೆ ಬರೆದು ಪುಸ್ತಕದೊಳಗಿಟ್ಕೊಂಡೆ. ಆ ಊಟ ಆರಿದ ಮಾತು, ರಾತ್ರಿ ಪಾಳಿ ಮುಗಿಸಿ ಬಂದಾಗ ನೀನು ಅಂತಿದ್ದ ಮಾತೇ. ನನಗೇನು ಬೇರೆ ಬರೆಯೋಕೆ ಬರುತ್ತಾ?”

ಅವಳ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ತಾನು ಹೊಗಳಿದ ಲೇಖಕ ಎದುರಿಗೇ ಕೂತಿದ್ದಾನೆ. ಹೊಗಳಿದ ಸಾಲು ತನ್ನ ಅಡಿಗೆಮನೆಯದು. ಅದರ ಗುರುತು ಅವಳಿಗೇ ಸಿಕ್ಕಿರಲಿಲ್ಲ. ಇಷ್ಟಾಗಿಯೂ ಅವಳು ಕೇಳಿಸಿಕೊಂಡದ್ದು ಒಂದನ್ನೇ: ಆಗಲಿಲ್ಲ ಎಂದ ಈ ಮನುಷ್ಯ, ಇನ್ನೊಂದು ಸಲವೂ ಆಗುವುದಿಲ್ಲ ಎನ್ನುತ್ತಾನೆ.

ಮುಂದಿನ ಶನಿವಾರ ಅವಳು ಬಳಗಕ್ಕೆ ಹೋಗಲಿಲ್ಲ. ಮುಖ್ಯೋಪಾಧ್ಯಾಯಿನಿ ಹೊಸ ಪುಸ್ತಕವನ್ನು ಮನೆಗೇ ಕಳಿಸಿದರು, ಮೊದಲ ಸರದಿ ನಿಮ್ಮದೇ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ ಎಂಬ ಚೀಟಿಯೊಂದಿಗೆ. ಚೀಟಿಯನ್ನೂ ಗಂಡನೇ ಓದಿದ. ಕೊನೆಯ ಅಧ್ಯಾಯವನ್ನು ಯಾರೋ ಹೊಲಿದಿದ್ದರು. ಬೆರಳಾಡಿಸಿ ನೋಡಿದಳು: ಸಡಿಲ ಹೊಲಿಗೆ, ಎಳೆದರೆ ಬರುವ ಗಂಟು.

ಬೆಂಚಿನ ಮೇಲೆ ಕೂತು ಅವನು ಓದತೊಡಗಿದ. ಈಗ ಪೂರ್ಣವಿರಾಮಗಳಲ್ಲಿ ನಿಲ್ಲುವುದನ್ನು ಕಲಿತಿದ್ದ.

“ಬರೆದದ್ದನ್ನೇ ಓದಬೇಕು. ಸತ್ತರೆ ಸತ್ತ ಅನ್ನಬೇಕು,” ಎಂದಳು.

“ಬರೆದದ್ದನ್ನೇ ಓದ್ತೀನಿ ಕಣೇ.”

“ಆಣೆ?”

“ಆಣೆ.”

ಎರಡನೆಯ ಅಧ್ಯಾಯದಲ್ಲಿ ಒಂದು ಮಗುವಿಗೆ ಜ್ವರ ಬಂತು. ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ಬೆಳಿಗ್ಗೆ ತಾಯಿ ತೊಟ್ಟಿಲ ಹತ್ತಿರ ಬಂದು ಬಾಗಿದಳು. ಅಲ್ಲಿಗೆ ಗಂಡ ನಿಲ್ಲಿಸಿದ. ಪುಟ ಮುಗಿದಿದ್ದರೆ ಹಾಳೆ ತಿರುಗಿದ ಸದ್ದು ಬರಬೇಕು. ಅವಳು ಕಿವಿಗೊಟ್ಟಳು. ಅಲೆಗಳ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

“ಮಗು ಕಣ್ಣು ಬಿಟ್ಟಿತು,” ಎಂದು ಅವನು ಮುಂದುವರಿಸಿದ.