ಮೈದುನನ ಎಡಗಾಲು

ನನ್ನ ಹೆಂಡತಿಯ ತಮ್ಮನ ಎಡಗಾಲಿನ ಹೆಬ್ಬೆರಳಲ್ಲಿ ಒಂದು ಬೆಳ್ಳಿ ಉಂಗುರವಿದೆ. ಹೆಂಗಸರ ಕಾಲುಂಗುರದಂತೆ ಸಣ್ಣದಲ್ಲ, ಎತ್ತಿನ ಕೊಂಬಿಗೆ ಹಾಕುವ ಅಣಸಿನಷ್ಟು ದಪ್ಪ. ಅವನು ಎಲ್ಲಿ ಕೂತರೂ ಆ ಬೆರಳು ನೆಲ ಕುಟ್ಟುತ್ತಿರುತ್ತದೆ. ಮಗಳ ಮದುವೆಯ ಬೆಳಿಗ್ಗೆ ಗೂಡಲೂರಿನ ಬೀಗರ ಕಣ್ಣು ಮೊದಲು ಬೀಳುವುದೇ ಆ ಉಂಗುರದ ಮೇಲೆ ಎಂದು ನಾನು ತಿಂಗಳುಗಟ್ಟಲೆ ಹೆದರಿದ್ದೆ. ಹೆದರಲು ಬೇರೆಯೂ ಇತ್ತು. ಅವನ ಮೇಳದ ಸ್ಯಾಕ್ಸೊಫೋನಿನ ಅರಚಾಟಕ್ಕೆ ಹೊರಗೆ ಕಟ್ಟಿದ ಹೋರಿ ಬೆದರಿ ಚಪ್ಪರದ ಕಂಬವನ್ನೇ ಕಿತ್ತುಕೊಂಡು ಓಡಬಹುದು. ಅದೇ ಮೇಳದ ಹೊಟ್ಟೆ ಕುಣಿಸುವ ಹುಡುಗಿ ಕುಣಿಯುವ ಬಟ್ಟೆಯಲ್ಲೇ ಬರಬಹುದು. ಅವಳನ್ನು ನೋಡಿ ಬೀಗರ ಗಂಡಸರು ಎದ್ದು ಹೋಗಬಹುದು, ಅಥವಾ ಇನ್ನೂ ಕೆಟ್ಟದ್ದು, ಎದ್ದು ಹೋಗದೆ ಇರಬಹುದು. ಮೈದುನ ಮೈಕು ಹಿಡಿದು ಭಾಷಣ ಮಾಡಬಹುದು. ಸುರುಳಿ ಬೆಟ್ಟದ ಕಡೆಯಿಂದ ಮೋಡ ಬಂದು ಎಲ್ಲವೂ ನೆನೆಯಬಹುದು. ಅತ್ತೆ ಹಾಡಿನ ನಡುವೆ ಸಾಲು ಮರೆಯಬಹುದು. ಮಗಳು ಮಣೆಯ ಮೇಲೆ ಕೂತಿದ್ದ ಹಾಗೇ ಮದುವೆ ಮುರಿಯಬಹುದು.

ನಾನು ತಮಿಳು ಸೀಮೆಯ ಓಡೈಪಟ್ಟಿಯಲ್ಲಿ ದ್ರಾಕ್ಷಿ ಬೆಳೆಯುವವನು, ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಇಳಿದು ಬಂದವರ ಪೈಕಿ. ಮನೆಯಲ್ಲಿ ನಮ್ಮ ಹರಕುಮುರುಕು ಕನ್ನಡ, ಸಂತೆಯಲ್ಲಿ ತಮಿಳು. ಬೆಂಗಳೂರಿನ ಮಂಡಿಗೆ ಹಣ್ಣು ಕಳಿಸುತ್ತ ಕಳಿಸುತ್ತ ಕನ್ನಡದ ಅಕ್ಷರವೂ ಬಂತು. ದ್ರಾಕ್ಷಿ ಬೆಳೆದವನಿಗೆ ಚಿಂತೆ ಕಲಿಸಬೇಕಾಗಿಲ್ಲ, ಮೋಡ ಬಂದರೂ ಚಿಂತೆ, ಬಾರದಿದ್ದರೂ ಚಿಂತೆ. ಆದರೆ ನನ್ನ ಚಿಂತೆಗಳಲ್ಲೆಲ್ಲ ಹೆಚ್ಚು ಗೊಬ್ಬರ ಹಾಕಿ ಬೆಳೆಸಿದವನು ಈ ಮೈದುನ.

ಹುಟ್ಟಿದ್ದು ಮಾರ್ಕಯನ್‌ಕೋಟ್ಟೈಯಲ್ಲಿ, ನೀರು ನಿಲ್ಲುವ ಗದ್ದೆಯ ಮನೆಯಲ್ಲಿ. ಮದುರೈಗೆ ಓದಲು ಹೋಗಿ ಗಿಟಾರು ಹೊತ್ತು ಬಂದ. ಆಮೇಲೆ ಚೆನ್ನೈ, ಪುದುಚೇರಿ. ಈಗ ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇದ್ದಾನೆ. ತಾನು ಗಾಯಕ, ತಾನೇ ರಾಗಸಂಯೋಜಕ. ಪೋಸ್ಟರುಗಳಲ್ಲೆಲ್ಲ ಕಣ್ಣು ಮುಚ್ಚಿಕೊಂಡಿರುತ್ತಾನೆ. ಆಧಾರ್ ಕಾರ್ಡಿನಲ್ಲೂ ಹಾಗೇ ಇರಬೇಕೆಂದು ನನ್ನ ಗುಮಾನಿ. ಜಾಝ್, ಅರಬರ ಹೊಟ್ಟೆಕುಣಿತದ ತಾಳ, ನಮ್ಮ ಮುದುಕಿಯರ ಹಾಡು, ಈ ಮೂರನ್ನೂ ಸೇರಿಸುವುದು ಅವನ ಕಸುಬು. ನಮ್ಮ ಮನೆಯಲ್ಲೂ ಮಿಕ್ಕ ಸಾಂಬಾರು, ಮಿಕ್ಕ ರಸ, ಮಿಕ್ಕ ಪಲ್ಯ ಸೇರಿಸಿ ಬಿಸಿ ಮಾಡುವುದುಂಟು. ಅದಕ್ಕೆ ಯಾರೂ ಟಿಕೆಟ್ ಇಡುವುದಿಲ್ಲ.

ಬಂದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಬಡಿಯುತ್ತಾನೆ. ತಟ್ಟೆ, ಕೊಡ, ಹಣ್ಣು ತುಂಬಿದ ಕ್ರೇಟು. ಒಮ್ಮೆ ಔಷಧಿ ಸಿಂಪಡಿಸುವ ಡ್ರಮ್ಮಿಗೆ ಕಿವಿಯಿಟ್ಟು ಕೂತಿದ್ದ. ತಮಿಳಿನಲ್ಲಿ ಅವನಿಗೆ ನಾನು ಮಚ್ಚಾನ್, ನನಗೆ ಅವನು ಮಾಪ್ಳೆ, ಭಾವ ಮೈದುನ ಅಂದಂತೆ.

"ಮಚ್ಚಾನ್, ಇದ್ರಲ್ಲಿ ರೊಂಬ ನಲ್ಲಾ ಬೇಸ್ ಸೌಂಡ್ ಐತೆ!"

"ಅದ್ರಲ್ಲಿ ಔಷ್ದಿ ಐತೆ ಮಾಪ್ಳೆ. ಮೂತಿ ಈಚೆ ತಗೀ."

"ನಿಮ್ಗೆ ಕಾಯಾಕೇ ಬರಾಕಿಲ್ಲ ಮಚ್ಚಾನ್. ಸದ್ದು ತಾನಾಗ್ ಬರೋಗಂಟ ಕಾಯ್ಬೇಕು" ಎನ್ನುತ್ತಿದ್ದ. ವರ್ಷವಿಡೀ ಹಣ್ಣಿಗೆ ಕಾಯುವವನಿಗೆ, ಕಾಯದೆ ಬಂದು ಗೊಂಚಲು ಕಿತ್ತು ತಿನ್ನುವವನ ಉಪದೇಶ.

ಮದುವೆಗೆ ಮೊದಲು ಒಮ್ಮೆ ಹೆಂಡತಿ ನನ್ನನ್ನು ದಿಂಡಿಗಲ್ಲಿಗೆ ಎಳೆದುಕೊಂಡು ಹೋದಳು, ತಮ್ಮನ ಕಚೇರಿ ಕೇಳಲು. ಹೋಟೆಲೊಂದರ ಮಹಡಿಯ ಸಭಾಂಗಣ. ಬೆಂಕಿ ಬಿದ್ದರೆ ಓಡಲು ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ಮೊದಲು ಸ್ಯಾಕ್ಸೊಫೋನಿನವನು ಎದ್ದು ನಿಂತು ಒಂದು ಸಣ್ಣ ತುಣುಕು ಊದಿದ. ಮತ್ತೆ ಅದನ್ನೇ ಊದಿದ. ಸ್ವಲ್ಪ ಓರೆ ಮಾಡಿ ಮತ್ತೂ ಅದನ್ನೇ. ಕೀಲಿಗೊಂಚಲು ಹಿಡಿದು ಒಂದು ಬೀಗಕ್ಕೆ ಒಂದೊಂದೇ ಕೀಲಿ ತೂರಿಸಿ ನೋಡುವವನಂತೆ. ಪಕ್ಕದಲ್ಲಿ ಇನ್ನೊಬ್ಬ ತೊಡೆಯ ಮೇಲೆ ಹೂಜಿಯಂಥದ್ದೊಂದನ್ನು ಅಡ್ಡ ಮಲಗಿಸಿಕೊಂಡು ಬೆರಳಿನಿಂದ ಬಡಿಯುತ್ತಿದ್ದ. ಅದರ ಹೆಸರು ದರ್ಬುಕವಂತೆ. ನಾವು ಪೆಟ್ಟು ಬೀಳುತ್ತದೆಂದು ಕಾದ ಕಡೆ ಬೀಳದೆ, ಕಾಯದ ಕಡೆ ಬೀಳುವುದು ಅದರ ವಿಶೇಷ. ಆಮೇಲೆ ಹೊಟ್ಟೆ ಕುಣಿಸುವ ಆ ಪುದುಚೇರಿಯ ಹುಡುಗಿ ಬಂದಳು, ಸೊಂಟಕ್ಕೆ ಗಲಗಲ ಬಿಲ್ಲೆಗಳ ಪಟ್ಟಿ. ಅವಳ ಮುಖ ತಾಲೂಕು ಕಚೇರಿಯ ಗುಮಾಸ್ತೆಯಷ್ಟು ನಿಶ್ಚಿಂತವಾಗಿತ್ತು, ಹೊಟ್ಟೆ ಮಾತ್ರ ಬೇರೆ ಸಂಸ್ಥಾನ. ನಾಚಿಕೆಯಾಗಿ ನಾನು ಫ್ಯಾನು ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಫ್ಯಾನಿಗೂ ಆ ತಾಳ ಹತ್ತಿದಂತೆ ಕಂಡಿತು. ಇದಕ್ಕೂ ಅವನೇ ಕಾರಣ.

ಕೊನೆಗೆ ಮೈದುನ ಕಣ್ಣು ಮುಚ್ಚಿ ತನ್ನ ತಾಯಿಯ ಹಾಡೆತ್ತಿದ:

"ಬಿಸ್ಲಾಗೆ ಬಂದೋನೆ, ಬಾಗ್ಲಲ್ಲಿ ನಿಲ್ಲಯ್ಯ
ತಂಬ್ಗೆ ನೀರ್ ತರೋಗಂಟ ನೆಳ್ಳಾಗೆ ನಿಲ್ಲಯ್ಯ"

ಅಷ್ಟೇ. ಮೂರನೆಯ ಸಾಲು ಬರಲೇ ಇಲ್ಲ. ಸ್ಯಾಕ್ಸೊಫೋನು ಮತ್ತೆ ಕೀಲಿ ಹುಡುಕತೊಡಗಿತು, ಹೂಜಿ ಗಾಣದ ಎತ್ತಿನಂತೆ ಸುತ್ತಿತು, ಜನ ತಲೆದೂಗಿದರು. ಹೊರಗೆ ಬಂದು ಕೇಳಿದೆ:

"ಮಿಕ್ಕ ಆಡು ಎಲ್ ಮಾಪ್ಳೆ?"

"ನಂಗೂ ತೆರಿಯಾದು ಮಚ್ಚಾನ್. ಅಮ್ಮ ಅಲ್ಲೇ ಮರೀತಾಳೆ, ಯಾವಾಗ್ಲೂ. ಅದ್ಕೇ ನಾವೂ ಅಲ್ಲೇ ಸುತ್ತುತೀವಿ."

"ಎಲ್ಲೀಗಂಟ?"

"ಬರೋಗಂಟ."

"ಟಿಕೆಟ್ ತಕ್ಕೊಂಡ್ ಅರ್ಧ ಆಡು ಮಾರ್ತೀಯ. ನಾನ್ ಅರ್ಧ ಗೊಂಚ್ಲು ಮಾರುದ್ರೆ ಒದೀತಾರೆ."

ಅವನು ನಕ್ಕ. ಬೈದಾಗ ನಗುವುದು ಅವನ ದುರಭ್ಯಾಸಗಳಲ್ಲೊಂದು.

ಈ ಅರ್ಧ ಹಾಡೇ ನನ್ನ ಕೊರಳಿಗೆ ಸುತ್ತಿಕೊಂಡಿತು. ನಮ್ಮ ಜನರಲ್ಲಿ ಹೆಣ್ಣಿನ ಸೋದರಮಾವ ಸೀರು, ಅಂದರೆ ಉಡುಗೊರೆಯ ತಟ್ಟೆಗಳನ್ನು, ಹೊರಿಸಿಕೊಂಡು ಗುಡಿಯಿಂದ ಮೇಳದೊಡನೆ ಬರಬೇಕು. ಹೆಣ್ಣಿನ ತಂದೆ ಹೊಸಿಲಲ್ಲಿ ಕೂತು ಅವನ ಎರಡೂ ಕಾಲು ತೊಳೆಯಬೇಕು. ತೊಳೆಯುವಾಗ ಮಾವನ ಮನೆಯ ಹಿರಿಯಳು, ಎಂದರೆ ನನ್ನ ಅತ್ತೆ, ಇದೇ ಬರಮಾಡುವ ಹಾಡನ್ನು ಹೇಳಬೇಕು, ಕನ್ನಡದಲ್ಲೇ. ಎಷ್ಟೋ ಮನೆಗಳಲ್ಲಿ ಈಗ ಅದನ್ನು ಬಿಟ್ಟಿದ್ದಾರೆ. ಗೂಡಲೂರಿನ ಬೀಗರು ಬಿಟ್ಟಿರಲಿಲ್ಲ.

"ನೋಡಿ ಸಂಬಂದಿ" ಎಂದರು ಬೀಗರು, ಎಲೆಗೆ ಸುಣ್ಣ ಸವರುತ್ತ. "ಊಟ, ಚಪ್ರ, ಲೈಟು ನಿಮ್ ಇಷ್ಟ. ಮಾಮನ್ ಸೀರು ಮಾತ್ರ ಮೊರೆ ಪ್ರಕಾರ, ಪದ್ಧತಿ ತಪ್ಪದಂಗೆ ಬರ್ಬೇಕು. ಗುಡೀಲಿ ಎತ್ತಿದ್ ಮೇಳ ಕಾಲ್ ತೊಳೆಯೋಗಂಟ ನಿಲ್ಬಾರ್ದು, ಆಡು ಒಡೀಬಾರ್ದು. ಒಡೆದ್ರೆ ನಮ್ ತಾಯಿ ಎದ್ದೋಯ್ತಾಳೆ. ಅವ್ಳು ಎದ್ರೆ ನಾವೆಲ್ಲಾ ಎದ್ದಂಗೇ."

ಆ ತಾಯಿ ಮುಂಚೆ ತನ್ನ ಕಿರಿಮಗನ ಸಂಬಂಧವೊಂದರಲ್ಲಿ ಹಾಗೆ ಎದ್ದು ಹೋದವಳೇ. ಆ ಮದುವೆ ನಡೆಯಲಿಲ್ಲ. ರೆಕಾರ್ಡು ಹಾಕೋಣವೆಂದೆ, ಆ ಹಾಡಿನ ರೆಕಾರ್ಡೇ ಎಲ್ಲೂ ಇರಲಿಲ್ಲ. ನಾಗಸ್ವರದವರನ್ನು ಗೊತ್ತು ಮಾಡಿ ಮೈದುನನನ್ನು ಅವನ ಮೇಳವಿಲ್ಲದೆ ಕರೆಸೋಣವೆಂದೆ. ಮಗಳು ಅಡುಗೆಮನೆಯಿಂದಲೇ ಕೂಗಿದಳು:

"ಮಾಮ ಅವ್ರ ಮೇಳದಲ್ಲೇ ಬರ್ಬೇಕು. ಇಲ್ದಿದ್ರೆ ನಾನ್ ಮಣೆ ಮೇಲೆ ಕೂರಾಕಿಲ್ಲಪ್ಪಾ!"

ಅತ್ತೆಯ ಬಳಿ ಹೋಗಿ ಮೂರನೆಯ ಸಾಲು ನೆನಪು ಮಾಡಿಕೊಳ್ಳಿ ಎಂದು ಬೇಡಿದೆ. "ಬತ್ತದೆ ಅಳಿಯಾ, ಬಾಗ್ಲಲ್ಲಿ ನಿಂತ್ರೆ ತಾನಾಗ್ ಬತ್ತದೆ" ಎಂದಳು. ಮಗನಿಗೆ ಆ ರೋಗ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು.

ಮದುವೆಯ ಬೆಳಿಗ್ಗೆ ಮೋಡವಿರಲಿಲ್ಲ. ಹಿತ್ತಾಳೆ ತಂಬಿಗೆ, ಹರಿವಾಣ ಇಟ್ಟುಕೊಂಡು ಹೊಸಿಲಲ್ಲಿ ಕುಕ್ಕರಗಾಲಲ್ಲಿ ಕೂತೆ. ನನ್ನ ಹಿಂದೆ ಜಮಖಾನದ ಮೇಲೆ ಬೀಗರು, ನಟ್ಟನಡುವೆ ಕುರ್ಚಿಯಲ್ಲಿ ಆ ತಾಯಿ, ಮಡಿಲಲ್ಲಿ ಕೋಲು. ಗುಡಿಯ ಕಡೆಯಿಂದ ಸ್ಯಾಕ್ಸೊಫೋನು ಕೇಳಿಸಿತು. ಹೋರಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಸಂಗೀತದಲ್ಲಿ ಹೋರಿಗೂ ನನಗೂ ಅಭಿಪ್ರಾಯಭೇದವಿದೆಯೆಂದು ಗೊತ್ತಾಯಿತು. ಪುದುಚೇರಿಯ ಹುಡುಗಿ ನೂಲಿನ ಸೀರೆಯುಟ್ಟು, ತಲೆಯ ಮೇಲೆ ಎಲ್ಲರಿಗಿಂತ ಎತ್ತರದ ತಟ್ಟೆ ಹೊತ್ತು, ಕೈ ಹಿಡಿಯದೆ ಬಂದಳು. "ಯಾರ್ ಮನೆ ಮಗ್ಳು? ನಡಿಗೇನ್ ನೋಡು ಎಂಗೈತೆ!" ಎಂದು ಬೀಗರ ಹೆಂಗಸರು ಮೆಚ್ಚಿದರು. ಯಾರ ಮನೆಯವಳೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮೈದುನ ಬಂದು ಬಲಗಾಲನ್ನು ಹರಿವಾಣದಲ್ಲಿಟ್ಟ. ಎಡಗಾಲು ಹೊರಗೆ, ದಾರಿಯ ಕೆಂಪು ಮಣ್ಣು ಮೆತ್ತಿಕೊಂಡು, ಉಂಗುರದ ಬೆರಳಿಂದ ನೆಲ ಕುಟ್ಟುತ್ತಿತ್ತು. ನಾನು ನೀರು ಹೊಯ್ದೆ. ಯಾರ ಕಚೇರಿಯಲ್ಲಿ ಫ್ಯಾನು ನೋಡುತ್ತ ಕೂತಿದ್ದೆನೋ ಅವನ ಕಾಲು ನನ್ನ ಅಂಗೈಯಲ್ಲಿ. ಪಕ್ಕದಲ್ಲಿ ನಿಂತ ಅತ್ತೆ ಹಾಡೆತ್ತಿದಳು. ಒಂದು ಸಾಲು. ಎರಡು ಸಾಲು. ಆಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಳು.

ನನ್ನ ಕೈಯ ತಂಬಿಗೆ ನಿಂತಿತು. ಮೇಳ ನಿಲ್ಲಲಿಲ್ಲ. ಸ್ಯಾಕ್ಸೊಫೋನು ಅದೇ ಸಣ್ಣ ತುಣುಕು ಹಿಡಿಯಿತು, ಹೂಜಿ ಅಲ್ಲೇ ಸುತ್ತತೊಡಗಿತು. ದಿಂಡಿಗಲ್ಲಿನಲ್ಲಿ ನನ್ನ ತಲೆ ತಿಂದ ಅದೇ ಸುತ್ತು. ಅತ್ತೆ ಕಣ್ಣು ಮಿಟುಕಿಸಿದಳು. ಸುತ್ತು ಅವಳನ್ನು ಅವಸರ ಮಾಡಲಿಲ್ಲ, ಬಿಟ್ಟು ಮುಂದೆ ಹೋಗಲೂ ಇಲ್ಲ. ಹಾಡಿನಲ್ಲೇ ಅಷ್ಟು ಜಾಗವಿತ್ತೇನೋ ಎಂಬಂತೆ, ಮುದುಕಿಯೊಬ್ಬಳು ನೆನಪು ಮಾಡಿಕೊಳ್ಳಲಿ ಎಂದು ಅದು ಬಾಗಿಲಲ್ಲೇ ನಿಂತಿತ್ತು. ಆದರೂ ಸಾಲು ಬರಲಿಲ್ಲ.

ಹಿಂದೆ ಕೋಲು ಕುಟ್ಟಿದ ಸದ್ದಾಯಿತು. ಬೀಗರ ತಾಯಿ ಎದ್ದಿದ್ದಳು.

"ಅಮ್ಮಾ..." ಎಂದರು ಬೀಗರು. ಜಮಖಾನದ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಏಳತೊಡಗಿದರು. ಒಳಗೆ ಮಣೆಯ ಮೇಲಿದ್ದ ಮಗಳ ಬಳೆ ಸದ್ದು ಮಾಡಿತು. ಮುದುಕಿ ಕೋಲೂರುತ್ತ ನನ್ನನ್ನು ದಾಟಿ ಬಂದು, ಅತ್ತೆಯ ಮುಂದೆ ನಿಂತು ಗದರಿದಳು:

"ಎಷ್ಟೊತ್ತು ನನ್ನೇ ಕಾಯ್ತೀರ? ಇದು ಗಂಡಿನ ಕಡೆಯೋರು ಆಡೋ ಸಾಲಲ್ವಾ?"

ಸೀಳಿದ ಗಂಟಲಲ್ಲಿ ಹಾಡಿಯೇಬಿಟ್ಟಳು:

"ನಿನ್ ಕಾಲ ಮಣ್ಣಾಗೆ ತವರೂರೇ ಬಂದೈತೆ
ತೊಳಿಯಾಕೆ ಕೈ ಬಾರ್ದು, ಒಸಿ ಒತ್ತು ನಿಲ್ಲಯ್ಯ"

ಅತ್ತೆಯ ಮುಖ ಅರಳಿ ಅವಳೂ ಸೇರಿಕೊಂಡಳು. ಇಬ್ಬರು ಮುದುಕಿಯರು, ಒಬ್ಬಳದು ಮಾರ್ಕಯನ್‌ಕೋಟ್ಟೈ ರಾಗ, ಇನ್ನೊಬ್ಬಳದು ಗೂಡಲೂರಿನದು, ನಡುವೆ ದರ್ಬುಕ. ನಾನು ತಲೆಯೆತ್ತಿ ಮೈದುನನನ್ನು ನೋಡಿದೆ. ವರ್ಷಗಟ್ಟಲೆ ಸುತ್ತಿದ ಸಾಲನ್ನು ಮೊದಲ ಸಲ ಕೇಳುತ್ತಿದ್ದ. ಅವನ ಕಣ್ಣು ತೆರೆದಿತ್ತು. ಉಂಗುರದ ಬೆರಳು ಕುಟ್ಟುವುದನ್ನು ಮರೆತು ಸುಮ್ಮನಿತ್ತು.

ಮದುವೆ ನಡೆಯಿತು. ಮಗಳು ಗೂಡಲೂರಿನಲ್ಲಿ ಸುಖವಾಗಿದ್ದಾಳೆ. ಆ ಸುಖದಲ್ಲಿ ಹೂಜಿ ಬಡಿಯುವವನೊಬ್ಬನ ಪಾಲಿದೆಯೆಂದು ಒಪ್ಪಿಕೊಳ್ಳುವುದು ನನಗೆ ಈಗಲೂ ಗಂಟಲಲ್ಲಿ ಸಿಕ್ಕಿದ ಬೀಜದಂತೆ. ಅವನ ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಈಗಲೂ ಮಿಕ್ಕದ್ದನ್ನೆಲ್ಲ ಸೇರಿಸಿ ಬಿಸಿ ಮಾಡಿದ್ದೇ. ಈಗ ಅವನು ಪೂರಾ ಹಾಡು ಹಾಡುತ್ತಾನಂತೆ, ಆದರೂ ಎರಡನೆಯ ಸಾಲಿನ ನಂತರ ಹಳೆಯ ಹಾಗೇ ಸುತ್ತುತ್ತಾನಂತೆ. ಹೆಂಡತಿ ಹೇಳಿದಳು. ಸುಳ್ಳೇಕೆ, ಮತ್ತೆ ದಿಂಡಿಗಲ್ಲಿಗೆ ನಾನೂ ಹೋಗಿದ್ದೆ. ಬಾಗಿಲ ಪಕ್ಕದಲ್ಲೇ ಕೂತಿದ್ದೆ.

ಬಂದಾಗಲೆಲ್ಲ ಅವನು ಜಗಲಿಯ ಮೇಲೆ ಕೂತು, ನನ್ನ ದ್ರಾಕ್ಷಿ ತಿನ್ನುತ್ತ, ಉಂಗುರದ ಕಾಲನ್ನು ನನ್ನ ಕಡೆ ಚಾಚುತ್ತಾನೆ.

"ಮಚ್ಚಾನ್, ಇದೊಂದು ಬಾಕಿ."

"ಓಗ್ ಡಾ" ಎನ್ನುತ್ತೇನೆ.

ಕೈ ಬಾರದೆ ಬಿಟ್ಟೆ ಎಂದರೆ ಹಾಡಿಗೆ ಒಪ್ಪುತ್ತಿತ್ತು. ಆದರೆ ಆ ಇಡೀ ಬೆಳಿಗ್ಗೆ ಕೆಟ್ಟದ್ದು ಇಷ್ಟೇ: ನಾನು ಹಾಡು ಕೇಳುತ್ತ ಕೂತು, ಅವನ ಎಡಗಾಲು ತೊಳೆಯುವುದನ್ನು ಮರೆತೆ.